ಜರ್ಮನಿಯ ಹವಾಮಾನ ಕಾನೂನು ನಿಮ್ಮ ಮನಿ ಬಿಲ್ಲಿನ್ಯಾಗ ಎಲ್ಲೆಲ್ಲಿ ಐತಿ: ಹುಬ್ಬಳ್ಳಿ-ಧಾರವಾಡ ಕಡೆಯವ್ರಿಗೆ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಜರ್ಮನಿಗೆ ಬಂದವ್ರು ಈಗ ಭಾಳ ಮಂದಿ ಅದೀವ್ರಿ. ವಿದ್ಯಾನಗರದಾಗ ಇಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್ ಮಾಡಾಕ ಬಂದ ಹುಡುಗ್ರು, ಕಂಪನಿಯವ್ರು ಕಳಿಸಿದ ಐಟಿ ಮಂದಿ, ಈಗೀಗ ದವಾಖಾನಿ ಕೆಲಸಕ್ಕ ಬರೋ ನರ್ಸ್‌ಗಳು. ವೀಸಾ, ಬ್ಯಾಂಕ್ ಅಕೌಂಟ್, ಹೆಲ್ತ್ ಇನ್ಶುರನ್ಸ್ ಬಗ್ಗೆ ಒಬ್ರಿಗೊಬ್ರು ಹೇಳಿಕೊಡ್ತಾರ, ಆದ್ರ ಈ ದೇಶದ ಹವಾಮಾನ ಕಾನೂನು ನಮ್ಮ ಕಿಸೆಕ್ಕ ಎಲ್ಲೆಲ್ಲಿ ಕೈ ಹಾಕತೈತಿ, ಮತ್ತ ಅದ ಕಾನೂನು ಎಲ್ಲೆಲ್ಲಿ ರೊಕ್ಕ ವಾಪಸ್ ಕೊಡಸತೈತಿ ಅಂತ ಹೇಳೋರು ಕಡಿಮಿ. ಅದ್ರಾಗ ನಮ್ಮ ಮಂದಿ ಬಿಲ್ ಬಂತಂದ್ರ ಸುಮ್ಮನ ತುಂಬಿಬಿಡ್ತಾರ, ಪರದೇಶದಾಗ ತಂಟೆ ಯಾಕ ಬೇಕು ಅಂತ. ಹಂಗ ಮಾಡಬ್ಯಾಡ್ರಿ ಅಂತ ಹೇಳಾಕನ ಇದನ್ನ ಬರೀಲಿಕತ್ತೀನಿ, ಸಂಕ್ರಾಂತಿಗೆ ಗದಗಕ್ಕ ಬಂದೀನಿ, ಇಲ್ಲಿ ಸಿಕ್ಕ ಸಿಕ್ಕವ್ರು ತಮ್ಮ ಮಕ್ಕಳ ಬಿಲ್ಲಿನ ಫೋಟೋ ಮೊಬೈಲ್‌ನ್ಯಾಗ ತೋರಿಸಿ ಕೇಳಾಕತ್ತಾರ.

ಮೊದಲ ಸರ್ಕಾರ ಏನ್ ಮಾಡಾಕತ್ತೈತಿ ಅನ್ನೋದು ತಿಳ್ಕೊಳ್ರಿ, ಇಲ್ಲಂದ್ರ ಬಿಲ್ಲಿನ್ಯಾಗಿನ ಸಾಲು ಯಾಕ ಬಂತು ಅಂತ ಗೊತ್ತಾಗೂದಿಲ್ಲ. 2019ರ ಡಿಸೆಂಬರ್‌ದಾಗ ಜರ್ಮನಿ ಒಂದು ಹವಾಮಾನ ಕಾನೂನು ಮಾಡ್ತು. 1990ರಾಗ ಈ ದೇಶ ಎಷ್ಟ್ ಹೊಗಿ (ಭೂಮಿ ಕಾಯಿಸೋ ಸಿಓ2, ಅಂದ್ರ ಕಾರ್ಬನ್ ಡೈಆಕ್ಸೈಡ್‌ನಂಥಾ ಗ್ಯಾಸು) ಬಿಡ್ತಿತ್ತೋ ಅದಕ್ಕ ಹೋಲಿಸಿ 2030ರೊಳಗ ಇಂತಿಷ್ಟು ಕಡಿಮಿ ಮಾಡ್ತೀವಿ ಅಂತ ಬರಕೊಟ್ಟ ಕಾನೂನು ಅದು. ಆದ್ರ 2030 ಆದ್ಮ್ಯಾಲೆ ಏನ್ ಮಾಡ್ತೀರಿ ಅನ್ನೋದನ್ನ ಸರಿಯಾಗಿ ಬರದಿದ್ದಿಲ್ಲ. ಹುಡುಗ್ರು ಕೋರ್ಟಿಗೆ ಹೋದ್ರು. ಉತ್ತರ ಸಮುದ್ರದ ದ್ವೀಪದಾಗ ಹೊಲಾ ಮನಿ ಇರೋ ಮನೆತನದವ್ರು ಅದ್ರಾಗ ಇದ್ರು, ನೀರು ಏರಿದ್ರ ನಮ್ಮ ಊರ ಉಳಿಯೂದಿಲ್ಲ ಅಂತ. ಬಾಂಗ್ಲಾದೇಶ, ನೇಪಾಳದಾಗಿನ ಮಂದೀನೂ ಅರ್ಜಿ ಹಾಕಿದ್ರು. 2021ರಾಗ ಸಂವಿಧಾನ ಕೋರ್ಟ್ ಹುಡುಗ್ರ ಮಾತು ಖರೇ ಅಂತು, ಇವತ್ತಿನವ್ರು ಆರಾಮ ಇದ್ದು ಎಲ್ಲಾ ಭಾರ ಮುಂದಿನವ್ರ ತಲಿ ಮ್ಯಾಲೆ ಹಾಕೂದು ಅವ್ರ ಸ್ವಾತಂತ್ರ್ಯ ಕಸಗೊಂಡಂಗ ಅಂತ ತೀರ್ಪು ಕೊಡ್ತು. ಕೆಲವೇ ತಿಂಗಳದಾಗ ಸರ್ಕಾರ ಕಾನೂನು ಬಿಗಿ ಮಾಡ್ತು: 2030ಕ್ಕ 65% ಕಡಿಮಿ, 2040ಕ್ಕ 88% ಕಡಿಮಿ, 2045ಕ್ಕ ನೆಟ್ ಝೀರೋ, ಅಂದ್ರ ಬಿಟ್ಟಷ್ಟು ಹೊಗಿ ಪೂರ್ತಿ ವಾಪಸ್ ಹೀರಿಕೊಳ್ಳೂದು. ಮೊದಲ 2030ಕ್ಕ 55% ಅಂತ ಇತ್ತು. ನನಗ ಈ ತೀರ್ಪು ಭಾಳ ಸೇರತೈತಿ, ಹದಿಹರೆಯದ ಹುಡುಗ್ರು ಕೇಳಿದ್ದಕ್ಕ ಒಂದು ದೊಡ್ಡ ದೇಶದ ಲೆಕ್ಕಾನ ಬದಲಾತು ನೋಡ್ರಿ.

ಎಲ್ಲಿಗೆ ಬಂದಾರ ಅಂದ್ರ, 1990ರಾಗ ವರ್ಷಕ್ಕ ಸುಮಾರು 125 ಕೋಟಿ ಟನ್ ಇದ್ದಿದ್ದು 2024ರಾಗ 64.9 ಕೋಟಿ ಟನ್‌ಗೆ ಇಳಿದೈತಿ, ಅಂದ್ರ 48% ಕಡಿಮಿ. ಅದ್ರಾಗ ಮೊದಮೊದಲಿನ ಇಳಿತ ಭಾಳಷ್ಟು ಪೂರ್ವ ಜರ್ಮನಿಯ ಹಳೇ ಕಾರ್ಖಾನಿ ಬಂದ್ ಆಗಿದ್ದಕ್ಕ ಬಂದಿದ್ದು, ಎಲ್ಲಾ ಶಾಣ್ಯಾತನದಿಂದ ಆಗಿದ್ದಲ್ಲ. ಕರೆಂಟಿನ ಕಡೆ ಕೆಲಸ ಚಲೋ ಆಗೈತಿ, ಈಗ ಅರ್ಧಕ್ಕಿಂತ ಹೆಚ್ಚು ಕರೆಂಟ್ ಗಾಳಿ, ಬಿಸಲು, ನೀರು, ಜೈವಿಕ ಗ್ಯಾಸಿನಿಂದ ಬರತೈತಿ, 2030ಕ್ಕ 80% ಮಾಡಬೇಕು ಅಂತ ಗುರಿ. ಅಣುಸ್ಥಾವರ 2023ರ ಏಪ್ರಿಲ್ 15ಕ್ಕ ಪೂರ್ತಿ ಬಂದ್ ಆದ್ವು, ಕಲ್ಲಿದ್ದಲು ತಡಾ ಅಂದ್ರ 2038ಕ್ಕ ಬಂದ್ ಆಗಬೇಕು. ಹಿಂದ ಬಿದ್ದಿದ್ದು ಎರಡು: ಗಾಡಿ ಸಂಚಾರ, ಮತ್ತ ಮನಿ ಬೆಚ್ಚಗ ಮಾಡೂದು. ನಿಮ್ಮ ಕಿಸೆಕ್ಕ ಹತ್ತೂದು ಈ ಎರಡ ಕಡೆ.

ಲೆಕ್ಕಾ ನೋಡೋರು ಬ್ಯಾರೆ ಅದಾರ. ಪ್ರತಿ ಮಾರ್ಚ್‌ದಾಗ ಪರಿಸರ ಇಲಾಖೆಯ ಕಚೇರಿ ಹಿಂದಿನ ವರ್ಷದ ಅಂಕಿ ಹೊರಗ ಹಾಕತೈತಿ, ಐದ ಮಂದಿ ತಜ್ಞರ ಸಮಿತಿ ಅದನ್ನ ತಪಾಸಣಿ ಮಾಡತೈತಿ. ಮೊದಲ ಒಂದೊಂದು ಇಲಾಖೆಗೂ ಬ್ಯಾರೆ ಬ್ಯಾರೆ ಗುರಿ ಇತ್ತು, ತಪ್ಪಿದ ಮಂತ್ರಿ ತಕ್ಷಣ ಪ್ಲಾನ್ ಕೊಡಬೇಕಿತ್ತು. 2024ರಾಗ ಅದನ್ನ ಸಡಿಲ ಮಾಡಿದ್ರು, ಈಗ ಎಲ್ಲಾ ಇಲಾಖೆದು ಒಟ್ಟು ಲೆಕ್ಕ, ಸತತ ಎರಡು ವರ್ಷ ಅಂದಾಜು ಗುರಿ ಮೀರಿದ್ರಷ್ಟ ಸರ್ಕಾರ ಕ್ರಮ ತಗೋಬೇಕು. ಸಾರಿಗಿ ಇಲಾಖೆ ವರ್ಷಾ ವರ್ಷಾ ಗುರಿ ತಪ್ಪಿಸ್ತಿದ್ದಾಗ ಹಿಂಗ ಸಡಿಲ ಮಾಡಿದ್ದು ಸರಿ ಅಲ್ಲ ಅಂತ ನನ್ನ ಅಭಿಪ್ರಾಯ. ನಮ್ಮ ದೇಶದ ಲೆಕ್ಕಾ ಬ್ಯಾರೆ ತರಾ ಐತಿ, ಭಾರತ ಒಟ್ಟು ಹೊಗಿ ಇಳಸ್ತೀನಿ ಅಂದಿಲ್ಲ, ಜಿಡಿಪಿ ಒಂದೊಂದು ರೂಪಾಯಿಗೆ ಬರೋ ಹೊಗಿಯನ್ನ 2005ಕ್ಕ ಹೋಲಿಸಿ 2030ರೊಳಗ 45% ಇಳಸ್ತೀನಿ ಅಂದೈತಿ, ನೆಟ್ ಝೀರೋ 2070ಕ್ಕ. ಊರಿಗೆ ಬಂದಾಗ ಯಾರರೆ ‘ಜರ್ಮನಿ ನೋಡ್ರಿ, ನಾವು ನೋಡ್ರಿ’ ಅಂತ ಹೋಲಿಸಿದ್ರ ಇದನ್ನೂ ಹೇಳ್ರಿ, ಅಲ್ಲಿ ಒಬ್ಬೊಬ್ಬರ ಪಾಲಿಗೆ ಬರೋ ಹೊಗಿ ನಮ್ಮವ್ರದಕ್ಕಿಂತ ಎರಡೂವರಿ ಪಟ್ಟಿಗೂ ಹೆಚ್ಚು.

ಇನ್ನ ರೊಕ್ಕದ ವಿಷಯ. 2021ರಿಂದ ಜರ್ಮನಿ ಪೆಟ್ರೋಲ್, ಡೀಸೆಲ್, ಮನಿ ಕಾಯಿಸೋ ಗ್ಯಾಸು, ಹೀಟಿಂಗ್ ಎಣ್ಣಿ ಇವುಕ್ಕೆಲ್ಲಾ ಸಿಓ2 ದರ ಹಾಕತೈತಿ. ಟನ್ನಿಗೆ 25 ಯೂರೋದಿಂದ ಶುರು ಆತು, 2022, 2023ರಾಗ 30, 2024ರಾಗ 45, 2025ರಾಗ 55, 2026ರಾಗ 55ರಿಂದ 65ರ ನಡುವ, ಹೊಗಿ ಬಿಡೋ ಪರವಾನಗಿಯ ಹರಾಜಿನ್ಯಾಗ ಠರಾವ್ ಆಗತೈತಿ. ಮುಂದ ಇಡೀ ಯುರೋಪಿಗೆ ಸೇರಿ ಒಂದ ಮಾರ್ಕೆಟ್ ಬರೋದೈತಿ. ಪೆಟ್ರೋಲ್ ಹಾಕಿಸ್ಕೊಳ್ಳೂವಾಗ ಲೀಟರಿಗೆ ಸುಮಾರು 15 ಸೆಂಟ್ ಇದ್ರದ್ದ, ಅದನ್ನ ಯಾರೂ ಬ್ಯಾರೆ ಮಾಡಿ ತೋರಸೂದಿಲ್ಲ. ಮನಿ ಹೀಟಿಂಗಿನ್ಯಾಗ ಮಾತ್ರ ಬ್ಯಾರೆ ಮಾಡಿ ತೋರಿಸಬೇಕು ಅಂತ ಕಾನೂನು ಐತಿ, ಮತ್ತ ಅದ ನಿಮ್ಮ ಕೈಯಾಗಿನ ಹಕ್ಕು.

ಹೊಸಾಗಿ ಬಂದವ್ರಿಗೆ ಒಂದ್ ಮಾತು ಮೊದಲ ಹೇಳಿಬಿಡ್ತೀನಿ. ನಮ್ಮಲ್ಲೆ ಹೆಸ್ಕಾಂ ಮೀಟರ್ ರೀಡರ್ ತಿಂಗಳಾ ಬಂದು, ಕೈಯಾಗಿನ ಮಶೀನಿನಿಂದ ಚೀಟಿ ಹರಿದು ಕೊಟ್ಟು ಹೋಗ್ತಾನ, ಆ ತಿಂಗಳು ಎಷ್ಟ್ ಸುಟ್ಟಿವಿ ಅಂತ ಆವಾಗಿಂದಾವಾಗ ಗೊತ್ತಾಗತೈತಿ. ಜರ್ಮನಿಯಾಗ ಹಂಗಲ್ಲ, ತಿಂಗಳಾ ಅಂದಾಜಿನ ಮುಂಗಡ ಕಟ್ಟೂದು, ವರ್ಷಕ್ಕೊಮ್ಮೆ ಖರೇ ಲೆಕ್ಕ. ಬಾಡಿಗಿ ಮನಿ ಓನರ್ ವರ್ಷ ಮುಗಿದ ಮ್ಯಾಲೆ 12 ತಿಂಗಳದೊಳಗ ನೇಬನ್‌ಕೋಸ್ಟನ್ (ಬಾಡಿಗಿ ಮ್ಯಾಲಿನ ಹೀಟಿಂಗ್, ನೀರು ಇಂಥಾ ಖರ್ಚು) ಲೆಕ್ಕ ಕಳಿಸಬೇಕು, ತಡಾ ಮಾಡಿದ್ರ ಸಾಮಾನ್ಯವಾಗಿ ಹೆಚ್ಚಿನ ರೊಕ್ಕ ಕೇಳೋ ಹಕ್ಕು ಅವ್ರಿಗೆ ಹೋಗತೈತಿ. ನಿಮ್ಮ ಕೈಗೆ ಬಂದ ಮ್ಯಾಲೆ ತಕರಾರು ಮಾಡಾಕ ನಿಮಗೂ 12 ತಿಂಗಳು ಟೈಮ್ ಐತಿ.

ನಮ್ಮ ಅಣ್ಣನ ಮಗ ಹಾವೇರಿಯವ, ಹಳೇ ಕಟ್ಟಡದಾಗ ಮೂರನೇ ಮಾಳಗಿ ಮ್ಯಾಲೆ ಬಾಡಿಗಿಗೆ ಅದಾನ. ಅವಂಗ ಲೆಕ್ಕ ಬಂದಾಗ ಫೋನ್ ಮಾಡಿ, “ಕಾಕಾ, ಇಷ್ಟ್ ಹೆಚ್ಚಿಗಿ ಕಟ್ಟು ಅಂದಾರ, ಕಟ್ಟಿಬಿಡ್ಲ್ಯಾ?” ಅಂದ. “ತಡಿಯೋ ತಮ್ಮಾ, ಎಲ್ಲಾ ಹಾಳಿದೂ ಫೋಟೋ ಕಳಸು” ಅಂದೆ. ಎರಡನೇ ಹಾಳಿಯಾಗ ಗ್ಯಾಸ್ ಎಷ್ಟ್ ಯೂನಿಟ್ (ಕಿಲೋವ್ಯಾಟ್ ಅವರ್), ಅದಕ್ಕ ಸಿಓ2 ಎಷ್ಟ್ ಕಿಲೋ, ಸಿಓ2 ಖರ್ಚು ಎಷ್ಟ್ ಅಂತ ಮೂರು ಸಾಲು ಇದ್ವು. ಅದ್ರ ಕೆಳಗ ಓನರ್ ಪಾಲು, ಬಾಡಿಗಿದಾರನ ಪಾಲು ಅಂತ ಎರಡು ಸಾಲು ಇರಬೇಕಾಗಿತ್ತು, ಇರಲಿಲ್ಲ. ಎಲ್ಲಾ ಖರ್ಚು ಬಾಡಿಗಿದಾರ್ರ ಮ್ಯಾಲ ಹಾಕಿದ್ರು.

ಇಲ್ಲೇ ಕಾನೂನು ಬರತೈತಿ. 2023ರ ಜನವರಿ 1ರಿಂದ ಸಿಓ2 ಖರ್ಚನ್ನ ಓನರ್ ಮತ್ತ ಬಾಡಿಗಿದಾರ ಹಂಚ್ಕೋಬೇಕು. ಹೆಂಗ ಅಂದ್ರ ಹತ್ತು ಮೆಟ್ಟಲದ ಪಟ್ಟಿ ಐತಿ. ಕಟ್ಟಡ ವರ್ಷಕ್ಕ ಒಂದು ಚದರ ಮೀಟರಿಗೆ ಎಷ್ಟ್ ಕಿಲೋ ಸಿಓ2 ಬಿಡತೈತಿ ಅನ್ನೋದ್ರ ಮ್ಯಾಲೆ ಪಾಲು. 12 ಕಿಲೋಕ್ಕಿಂತ ಕಡಿಮಿ ಇದ್ರ ಕಟ್ಟಡ ಚಲೋ ಐತಿ, ಖರ್ಚೆಲ್ಲಾ ಬಾಡಿಗಿದಾರಂದು. ಅಲ್ಲಿಂದ ಐದೈದು ಕಿಲೋ ಏರಿದಂಗ ಓನರ್ ಪಾಲು 10%, 20%, 30% ಅಂತ ಏರತೈತಿ, 32ರಿಂದ 37ರೊಳಗ ಇದ್ರ ಅರ್ಧಾ ಅರ್ಧಾ, 52 ಮತ್ತ ಅದಕ್ಕೂ ಹೆಚ್ಚು ಇದ್ರ ಓನರ್ 95% ಕೊಡಬೇಕು. ಇದ್ರ ಹಿಂದಿನ ವಿಚಾರ ನನಗ ಖರೇನ ಸರಿ ಅನ್ನಸತೈತಿ: ಗೋಡಿಗೆ ಥಂಡಿ ತಡಿಯೋ ಹೊದಿಕಿ ಹಾಕಸೂದು, ಕಿಟಕಿ ಬದಲಿ ಮಾಡೂದು, ಹಳೇ ಬಾಯ್ಲರ್ ತಗಸೂದು ಇವೆಲ್ಲಾ ಓನರ್ ಕೈಯಾಗ ಇರೋ ಕೆಲಸ, ಬಾಡಿಗಿಗೆ ಇದ್ದವ ಎಷ್ಟ್ ಸ್ವೆಟರ್ ಹಾಕ್ಕೊಂಡು ಕುಂತ್ರೂ ಸೋರೋ ಕಟ್ಟಡ ಸೋರತೈತಿ.

ಲೆಕ್ಕ ನೀವ ಮಾಡಬಹುದು. 70 ಚದರ ಮೀಟರ್ ಮನಿ, ವರ್ಷಕ್ಕ 12,000 ಯೂನಿಟ್ ಗ್ಯಾಸ್ ಅಂತ ಹಿಡೀರಿ. ಯೂನಿಟ್ಟಿಗೆ ಸುಮಾರು 0.18 ಕಿಲೋ ಸಿಓ2 ಅಂದ್ರ 2,160 ಕಿಲೋ, ಅದನ್ನ 70ರಿಂದ ಭಾಗಿಸಿದ್ರ ಹತ್ತಿರ ಹತ್ತಿರ 31 ಕಿಲೋ. ಇದು 27ರಿಂದ 32ರ ಮೆಟ್ಟಲು, ಓನರ್ ಪಾಲು 40%. ಟನ್ನಿಗೆ 55 ಯೂರೋ ಹಿಡಿದ್ರ 119 ಯೂರೋ ಆತು, 19% ತೆರಿಗಿ ಸೇರಿದ್ರ ಸುಮಾರು 141. ಅದ್ರ 40% ಅಂದ್ರ 56 ಯೂರೋ ಚಿಲ್ಲರಿ ಓನರ್ ಕಡೆಯಿಂದ ಬರಬೇಕು. ದರ ಏರಿದಂಗ ಇದೂ ಏರತೈತಿ. ಸರ್ಕಾರದ ಆರ್ಥಿಕ ಇಲಾಖೆಯವ್ರು ಆನ್‌ಲೈನ್ ಕ್ಯಾಲ್ಕುಲೇಟರ್ ಇಟ್ಟಾರ, ಬಿಲ್ಲಿನ್ಯಾಗಿನ ಅಂಕಿ ಹಾಕಿದ್ರ ಅದ ಹೇಳತೈತಿ.

ಓನರ್ ಈ ಪಾಲು ತೋರಿಸದ ಲೆಕ್ಕ ಕಳಿಸಿದ್ರ ನಿಮ್ಮ ಪಾಲಿನ ಹೀಟಿಂಗ್ ಖರ್ಚಿನ್ಯಾಗ 3% ಮುರ್ಕೊಂಡು ಕೊಡಾಕ ಕಾನೂನು ಒಪ್ಪಿಗಿ ಕೊಡತೈತಿ. ನಮ್ಮ ಹುಡುಗನ ಹೀಟಿಂಗ್ ಖರ್ಚು 1,150 ಯೂರೋ ಇತ್ತು, 3% ಅಂದ್ರ 34 ಯೂರೋ 50 ಸೆಂಟ್. ನಾಲ್ಕ ಸಾಲಿನ ಕಾಗದ ಬರಿಸಿದೆ, ಮರ್ಯಾದಿಲೆ, ಕಾನೂನಿನ ಹೆಸರು ಹಾಕಿ, ಪಾಲು ತೋರಿಸಿ ಹೊಸ ಲೆಕ್ಕ ಕಳಸ್ರಿ, ಇಲ್ಲಂದ್ರ 3% ಮುರ್ಕೋತೀನಿ ಅಂತ. ಕೆಲವು ವಾರದಾಗ ತಿದ್ದಿದ ಲೆಕ್ಕ ಬಂತು, ಜಗಳಿಲ್ಲಾ ಏನಿಲ್ಲಾ. ಇಲ್ಲಿ ಹಾವೇರಿಯಾಗ ನಮ್ಮ ಅಣ್ಣಗ ಹೆದರಿಕಿ: “ಓನರ್ ಕೂಡ ಕಾಗದಾ ಪತ್ರಾ ಅಂತ ಹೊಂಟ್ರ ಮನಿ ಬಿಡು ಅಂದಾನಲ್ಲೋ, ಆ ಥಂಡಿಯಾಗ ಹುಡುಗ ಎಲ್ಲಿಗೆ ಹೋಗ್ಬೇಕು?” ಅಂದ. “ಇಲ್ಲಣ್ಣಾ, ಅಲ್ಲೆ ಬಾಡಿಗಿ ನೆಟ್ಟಗ ಕಟ್ಟೋ ಮನಷ್ಯಾನ್ನ ಸುಮ್ ಸುಮ್ನ ಬಿಡಸಾಕ ಬರೂದಿಲ್ಲ, ಕಾನೂನು ಒಪ್ಪೋ ಕಾರಣ ಬೇಕು, ಲೆಕ್ಕ ಕೇಳಿದ್ದು ಕಾರಣ ಆಗೂದಿಲ್ಲ” ಅಂತ ತಿಳಿಸಿ ಹೇಳಿದೆ. ಊರಾಗಿನ ಅವ್ವ-ಅಪ್ಪಗ ಈ ಮಾತು ನೀವೂ ಹೇಳ್ರಿ, ಅವ್ರು ನಮ್ಮೂರಿನ ಓನರ್‌ಗಳನ್ನ ನೆನಸ್ಕೊಂಡು ಹೆದರ್ತಾರ.

ಕೆಲವು ಮನಿಯಾಗ ಪ್ರತಿ ಫ್ಲ್ಯಾಟಿಗೂ ಬ್ಯಾರೆ ಬಾಯ್ಲರ್ ಇರತೈತಿ, ಗ್ಯಾಸ್ ಕಂಪನಿ ಕೂಡ ನಿಮ್ಮದ ಕರಾರು. ಆವಾಗ ಓನರ್ ಏನೂ ಲೆಕ್ಕ ಮಾಡೂದಿಲ್ಲ, ನೀವ ಮಾಡಿ ಕೇಳಬೇಕು, ಗ್ಯಾಸ್ ಕಂಪನಿಯ ವರ್ಷದ ಬಿಲ್ ಬಂದ 12 ತಿಂಗಳದೊಳಗ ಬರವಣಿಗಿಯಾಗ. ಇದನ್ನ ನಮ್ಮವ್ರು ಹೆಚ್ಚುಕಡಿಮಿ ಯಾರೂ ಕೇಳೂದಿಲ್ಲ, ಬಿಲ್ ತಮ್ಮ ಹೆಸರಿಲೆ ಬಂತಂದ್ರ ಪೂರ್ತಿ ತಮ್ಮದ ಅಂತ ತಿಳ್ಕೊಂಡಿರ್ತಾರ. ಹಿಂದಿನ ವರ್ಷದ ಬಿಲ್ ಇವತ್ತ ತಗದು ನೋಡ್ರಿ.

ಹೊಸ ಮನಿ ಹುಡಕೂವಾಗ ಬಾಡಿಗಿ ಒಂದ ನೋಡಬ್ಯಾಡ್ರಿ. ಮನಿ ತೋರಸೂವಾಗ ಕಟ್ಟಡದ ಎನರ್ಜಿ ಸರ್ಟಿಫಿಕೇಟ್ ತೋರಿಸಬೇಕು ಅಂತ ರೂಲ್ ಐತಿ, ಎ ಪ್ಲಸ್‌ದಿಂದ ಎಚ್ ತನಕ ದರ್ಜೆ ಇರತೈತಿ. ಜಿ, ಎಚ್ ದರ್ಜೆ ಮನಿ ಬಾಡಿಗಿ ಅಗ್ಗ ಕಂಡ್ರೂ ಚಳಿಗಾಲದಾಗ ಹೀಟಿಂಗಿಗೆ ಹೋಗತೈತಿ.

ಕರೆಂಟ್ ಬಿಲ್ಲಿನ ಕಥಿ ಸ್ವಲ್ಪ ಬ್ಯಾರೆ. ಕರೆಂಟ್ ತಯಾರಿಕಿ 2005ರಿಂದ ಯುರೋಪಿನ ಹೊಗಿ ಪರವಾನಗಿ ಮಾರ್ಕೆಟ್ಟಿನ ಕೆಳಗ ಐತಿ, ಮ್ಯಾಲೆ ಹೇಳಿದ ಜರ್ಮನಿಯ ದರ ಅದಕ್ಕ ಹತ್ತೂದಿಲ್ಲ. ಮೊದಲ ಸೋಲಾರ್, ಗಾಳಿ ಕರೆಂಟಿಗೆ ಸಬ್ಸಿಡಿ ಕೊಡಾಕ ಯೂನಿಟ್ಟಿಗೆ ಇಷ್ಟ್ ಅಂತ ನಮ್ಮ ಬಿಲ್ಲಿನ್ಯಾಗ ಹಾಕ್ತಿದ್ರು, 2022ರ ಜುಲೈದಿಂದ ಅದನ್ನ ತಗದು ಸರ್ಕಾರದ ಬಜೆಟ್‌ದಿಂದ ಕೊಡಾಕತ್ತಾರ. ಆದ್ರೂ 2025ರಾಗ ಯೂನಿಟ್ ಸುಮಾರು 40 ಸೆಂಟ್ ಬಿದ್ದಿತ್ತು, ಗೃಹಜ್ಯೋತಿಯಾಗ 200 ಯೂನಿಟ್ ತನಕ ಫ್ರೀ ನೋಡಿದ ನಮ್ಮ ಮಂದಿಗೆ ಇದು ಕೇಳಿದ್ರ ಎದಿ ಧಸಕ್ ಅಂತೈತಿ. ಅದಕ್ಕ ಬಾಲ್ಕನಿ ಸೋಲಾರ್ ನೋಡ್ರಿ. ಎರಡು ಪ್ಯಾನೆಲ್, ಒಂದು ಸಣ್ಣ ಇನ್ವರ್ಟರ್, ಸಾಕೆಟ್ಟಿಗೆ ಚುಚ್ಚಿದ್ರ ಮುಗೀತು, ಕೆಲವು ನೂರು ಯೂರೋದಾಗ ಬರತೈತಿ. 2023ರಿಂದ ಇದಕ್ಕ ಸೇಲ್ಸ್ ಟ್ಯಾಕ್ಸ್ ಸೊನ್ನಿ. 2024ರಿಂದ ಇನ್ವರ್ಟರ್ 800 ವ್ಯಾಟ್ ತನಕ ಹಾಕಬಹುದು, ಪ್ಯಾನೆಲ್ ಒಟ್ಟು 2,000 ವ್ಯಾಟ್ ತನಕ, ಲೈನ್ ಕಂಪನಿಗೆ ಅರ್ಜಿ ಬ್ಯಾಡ, ಸರ್ಕಾರದ ಆನ್‌ಲೈನ್ ರಿಜಿಸ್ಟರ್‌ದಾಗ ಹೆಸರು ಹಚ್ಚಿದ್ರ ಸಾಕು. ಓನರ್ ಸುಮ್ಮನ ಬ್ಯಾಡ ಅನ್ನಾಕ ಬರೂದಿಲ್ಲ, 2024ರ ಅಕ್ಟೋಬರ್‌ದಿಂದ ಬಾಡಿಗಿದಾರಗ ಒಪ್ಪಿಗಿ ಕೇಳೋ ಹಕ್ಕು ಐತಿ. ಕೇಳದನ ಹಚ್ಚಬ್ಯಾಡ್ರಿ ಮತ್ತ, ಮೊದಲ ಕಾಗದ ಬರೀರಿ. ಉತ್ತರಕ್ಕ ಮುಖ ಮಾಡಿದ ಬಾಲ್ಕನಿ ಇದ್ರ ರೊಕ್ಕ ಹಾಕಬ್ಯಾಡ್ರಿ, ಅಲ್ಲೆ ಬಿಸಲ ಬೀಳೂದು ಭಾಳ ಕಡಿಮಿ.

ಓಡಾಟಕ್ಕ ಡಾಯ್ಚ್‌ಲಾಂಡ್ ಟಿಕೆಟ್. 2022ರ ಬ್ಯಾಸಗಿಯಾಗ ಮೂರು ತಿಂಗಳು 9 ಯೂರೋ ಟಿಕೆಟ್ ಕೊಟ್ಟಿದ್ರು, ಮಂದಿ ಮುಗಿಬಿದ್ರು, ಆಮ್ಯಾಲೆ 2023ರ ಮೇದಿಂದ 49 ಯೂರೋದ ತಿಂಗಳ ಟಿಕೆಟ್ ಬಂತು, 2025ರಾಗ 58, 2026ರ ಜನವರಿಯಿಂದ 63. ಇಡೀ ದೇಶದ ಸಿಟಿ ಬಸ್, ಟ್ರಾಮ್, ಮೆಟ್ರೋ, ಲೋಕಲ್ ಮತ್ತ ರೀಜನಲ್ ಟ್ರೇನ್ ಎಲ್ಲಾ ನಡೀತಾವ, ದೂರ ಓಡೋ ಫಾಸ್ಟ್ ಟ್ರೇನ್ ಐಸಿಇ, ಐಸಿ ಮಾತ್ರ ಇಲ್ಲ. ಬ್ಯಾಡಾದ್ರ ತಿಂಗಳ 10ನೇ ತಾರೀಖಿನೊಳಗ ಕ್ಯಾನ್ಸಲ್ ಮಾಡಬೇಕು, ಇಲ್ಲಂದ್ರ ಮುಂದಿನ ತಿಂಗಳದ್ದೂ ಕಟ್ ಆಗತೈತಿ, ರಜಾಕ್ಕ ಊರಿಗೆ ಬರೂವಾಗ ಇದು ನೆನಪಿರಲಿ. ಕೆಲಸದವ್ರು ಎಚ್‌ಆರ್‌ಗೆ ಜಾಬ್ ಟಿಕೆಟ್ ಕೇಳ್ರಿ, ಕಂಪನಿ ಕಡಿಮಿ ಅಂದ್ರ 25% ಕೊಟ್ರ ಮ್ಯಾಲೆ ಇನ್ನೂ 5% ರಿಯಾಯತಿ ಐತಿ. ಸ್ಟೂಡೆಂಟ್ಸ್‌ಗೆ ಭಾಳ ಯೂನಿವರ್ಸಿಟಿಯಾಗ ಫೀಸಿನ್ಯಾಗ ಇದು ಸೇರಿಕೊಂಡ ಬರತೈತಿ, ಮತ್ತೊಂದು ತಗೊಂಡು ಎರಡೆರಡು ಕಟ್ಟಬ್ಯಾಡ್ರಿ.

ಸ್ವಂತ ಮನಿ ತಗೊಂಡವ್ರಿಗೆ ಹೀಟ್ ಪಂಪ್ (ಹೊರಗಿನ ಗಾಳಿ, ನೆಲದಾಗಿನ ಬಿಸಿ ಎಳಕೊಂಡು ಕರೆಂಟಿಲೆ ಮನಿ ಬೆಚ್ಚಗ ಮಾಡೋ ಯಂತ್ರ) ಸಬ್ಸಿಡಿ ದೊಡ್ಡದು. ಎಲ್ಲಾರಿಗೂ 30%, ಹಳೇ ಬಾಯ್ಲರ್ ಲಗೂನ ತಗಿಯೋರಿಗೆ ಮ್ಯಾಲೆ 20%, ಮನಿಯ ತೆರಿಗಿ ಬೀಳೋ ಆದಾಯ ವರ್ಷಕ್ಕ 40,000 ಯೂರೋದೊಳಗ ಇದ್ರ ಇನ್ನೂ 30%, ಒಟ್ಟು 70%ಕ್ಕ ಮಿತಿ. ಒಂದು ಮನಿಗೆ 30,000 ಯೂರೋ ಖರ್ಚಿನ ತನಕ ಲೆಕ್ಕಕ್ಕ ತಗೋತಾರ, ಅಂದ್ರ 21,000 ತನಕ ಬರಬಹುದು. ಕೊಡೋದು ಸರ್ಕಾರದ ಕೆಎಫ್‌ಡಬ್ಲ್ಯೂ ಬ್ಯಾಂಕ್. ಕೆಲಸ ಶುರು ಮಾಡೂಕಿಂತ ಮೊದಲ ಅರ್ಜಿ ಹಾಕ್ರಿ, ಗುತ್ತಿಗಿ ಕರಾರಿನ್ಯಾಗ ‘ಸಬ್ಸಿಡಿ ಮಂಜೂರಾದ್ರಷ್ಟ’ ಅನ್ನೋ ಶರತ್ತು ಬರಸ್ರಿ. ಮೊದಲ ಕೆಲಸ ಮಾಡಿಸಿ ಆಮ್ಯಾಲೆ ಕೇಳಿದ್ರ ಒಂದ ಯೂರೋನೂ ಸಿಗೂದಿಲ್ಲ. 2024ರ ಹೀಟಿಂಗ್ ಕಾನೂನಿನ ಪ್ರಕಾರ ಹೊಸ ಹೀಟಿಂಗ್ 65% ನವೀಕರಿಸೋ ಶಕ್ತಿಯಿಂದ ನಡೀಬೇಕು, ಹಳೇ ಮನಿಗೆ ಇದು ಆಯಾ ಊರಿನ ಹೀಟಿಂಗ್ ಪ್ಲಾನಿಗೆ ಗಂಟು ಬಿದ್ದೈತಿ, ದೊಡ್ಡ ಊರಿಗೆ ಪ್ಲಾನ್ ಮುಗಿಸಾಕ 2026ರ ಜೂನ್ 30, ಸಣ್ಣ ಊರಿಗೆ 2028ರ ಜೂನ್ 30 ಅಂತ ಗಡುವು ಹಾಕಿದ್ರು. 2025ರಾಗ ಬಂದ ಸರ್ಕಾರ ಈ ಕಾನೂನು ಬದಲಿ ಮಾಡ್ತೀನಿ ಅಂತ ಹೇಳೇ ಬಂದೈತಿ, ಅದಕ್ಕ ಅರ್ಜಿ ಹಾಕೋ ಮುಂದ ಆ ದಿನದ ರೂಲ್ ನೋಡೇ ಹೆಜ್ಜಿ ಇಡ್ರಿ.

ಸರ್ಕಾರದ ಮ್ಯಾಲೆ ನನ್ನ ದೊಡ್ಡ ತಕರಾರು ಒಂದೈತಿ. ಸಿಓ2 ದರದಿಂದ ಬಂದ ರೊಕ್ಕ ಹವಾಮಾನ ನಿಧಿಗೆ ಹೋಗತೈತಿ, ಅದ್ರಿಂದ ಮ್ಯಾಲಿನ ಸಬ್ಸಿಡಿ. 2021ರಾಗ ಬಂದ ಸರ್ಕಾರ ಈ ರೊಕ್ಕದಾಗ ಪ್ರತಿಯೊಬ್ಬರಿಗೂ ತಲಾ ಇಷ್ಟ್ ಅಂತ ವಾಪಸ್ ಕೊಡೋ ವ್ಯವಸ್ಥಾ ಮಾಡ್ತೀವಿ ಅಂತ ತನ್ನ ಪಕ್ಷಗಳ ನಡುವಿನ ಒಪ್ಪಂದದಾಗ ಬರದಿತ್ತು. ಕೊಡಲಿಲ್ಲ. 2023ರ ನವೆಂಬರ್‌ದಾಗ ಸಂವಿಧಾನ ಕೋರ್ಟ್ ಆ ನಿಧಿಗೆ ತಿರುಗಿಸಿದ್ದ 6,000 ಕೋಟಿ ಯೂರೋ ಸಾಲ ರದ್ದು ಮಾಡ್ತು, ಆಮ್ಯಾಲಂತೂ ಕೈ ಬಿಗಿ ಆತು. ಸ್ವಂತ ಮನಿ ಇದ್ದವಗ ಹೀಟ್ ಪಂಪಿಗೆ ಸಾವಿರಾರು ಯೂರೋ ಸಿಗತೈತಿ, ಬಾಡಿಗಿಗೆ ಇರೋ ನರ್ಸ್ ದರ ಏರಿದಂಗ ತುಂಬ್ಕೋತ ಹೋಗ್ತಾಳ, ಇದು ನ್ಯಾಯ ಅಲ್ಲ. ಹಂಗ ಅಂತ ದರಾನ ಬ್ಯಾಡ ಅನ್ನೂದಿಲ್ಲ ನಾ. ನಮ್ಮ ಬೆಳವಲದಾಗ ಮಳಿ ಹೊತ್ತಿಗೆ ಬರದ ಹೆಸರು, ಹತ್ತಿ ಹಾಳಾಗೂದು, ಬೆಣ್ಣಿಹಳ್ಳ ಒಮ್ಮಿಂದೊಮ್ಮೆ ತುಂಬಿ ಹೊಲದಾಗ ನುಗ್ಗೂದು ನೋಡೀವಿ, ಹೊಗಿ ಹೆಚ್ಚಾದಷ್ಟು ಇಂಥವು ಹೆಚ್ಚಾಗ್ತಾವ. ದರ ಇರಲಿ, ರೊಕ್ಕ ಬಡವ್ರಿಗೆ ತಿರುಗಿ ಬರಲಿ ಅಂತಷ್ಟ ನನ್ನ ಮಾತು.

ಗಾಳಿ ಕರೆಂಟಿನ್ಯಾಗ ಅವ್ರು ಮಾಡಿದ್ದು ಒಂದು ನಮಗೂ ಬೇಕಾಗಿದ್ದು. ಕಪ್ಪತಗುಡ್ಡದ ಕಡೆ ಹೋದ್ರ ಗಾಳಿಯಂತ್ರ ತಿರಗೂದು ಕಾಣತಾವ, ಜರ್ಮನಿಯ ಉತ್ತರಕ್ಕ ಹೋದ್ರ ಹಂಗ ಊರ ಮಗ್ಗಲಕ್ಕ ಕಾಣತಾವ. ಅಲ್ಲಿ ಯಂತ್ರದ ಕಂಪನಿ ಸುತ್ತಲಿನ ಪಂಚಾಯತಿಗೆ ಯೂನಿಟ್ಟಿಗೆ 0.2 ಸೆಂಟ್ ತನಕ ಕೊಡಾಕ ಕಾನೂನು ದಾರಿ ಮಾಡಿಕೊಟ್ಟೈತಿ, ಮತ್ತ ಊರಿನವ್ರ ಸಹಕಾರಿ ಸಂಘ ಮಾಡಿ ಯಂತ್ರದಾಗ ಪಾಲು ತಗೋಬಹುದು. ನೀವೂ ಅಂಥಾ ಎನರ್ಜಿ ಸಂಘದ ಮೆಂಬರ್ ಆಗಬಹುದು, ಶೇರ್ ಬೆಲಿ ಒಂದೊಂದು ಸಂಘದಾಗ ಒಂದೊಂದು ತರಾ. ಗದಗ ಸೀಮಿಯಾಗ ಸಹಕಾರಿ ಸಂಘ ಅಂದ್ರ ಹೊಸದೇನಲ್ಲ, ದೇಶದ ಮೊದಮೊದಲಿನ ಸಹಕಾರಿ ಸಂಘದಾಗ ಒಂದು 1905ರಾಗ ಇಲ್ಲಿನ ಕಣಗಿನಹಾಳದಾಗ ಆತು; ಹಂಗಾಗಿ ನಮ್ಮ ಗುಡ್ಡದ ಗಾಳಿಯಾಗ ನಮ್ಮ ರೈತ್ರಿಗೂ ಪಾಲು ಇರಬೇಕು ಅಂತ ಕೇಳೂದ್ರಾಗ ಏನೂ ತಪ್ಪಿಲ್ಲ.

ಇನ್ನೊಂದು ಉಳೀತು. ಓನರ್ ಹೊಸ ಹೀಟಿಂಗ್ ಹಾಕಿಸಿ ಬಾಡಿಗಿ ಏರಸ್ತೀನಿ ಅಂದ್ರ ಗಾಬರಿ ಆಗಬ್ಯಾಡ್ರಿ. ಸರ್ಕಾರದ ಸಬ್ಸಿಡಿ ತಗೊಂಡು ಮ್ಯಾಲೆ ಹೇಳಿದ 65%ದ ಹೀಟಿಂಗ್ ನಿಯಮದಾಗ ಹಾಕಿಸಿದ್ರ, ಸಬ್ಸಿಡಿ ಕಳದು ಉಳಿದ ಖರ್ಚಿನ 10% ವರ್ಷದ ಬಾಡಿಗಿಗೆ ಸೇರಸಬಹುದು, ಆದ್ರ ಹೀಟಿಂಗ್ ಸಲುವಾಗಿ ಏರಸೂದು ತಿಂಗಳಿಗೆ ಚದರ ಮೀಟರಿಗೆ 50 ಸೆಂಟಿಗಿಂತ ಹೆಚ್ಚು ಆಗಂಗಿಲ್ಲ, 70 ಚದರ ಮೀಟರ್ ಮನಿಗೆ ಅಂದ್ರ 35 ಯೂರೋ. ಲೆಕ್ಕದಾಗ ಸಬ್ಸಿಡಿ ಕಳದಾರೋ ಇಲ್ಲೋ ನೋಡ್ರಿ. ಜರ್ಮನ್ ಭಾಷಾ ಬರೂದಿಲ್ಲ ಅಂದ್ರ ನಿಮ್ಮ ಊರಿನ ಬಾಡಿಗಿದಾರ್ರ ಸಂಘಕ್ಕ ವರ್ಷದ ಚಂದಾ ಕಟ್ಟಿ ಮೆಂಬರ್ ಆಗ್ರಿ, ಲೆಕ್ಕ ತಪಾಸಣಿ ಮಾಡಿ ಕಾಗದಾನೂ ಬರಕೊಡ್ತಾರ. ಮನಿಗೆ ಹೋದ ದಿನ, ಬಿಡೋ ದಿನ, ಮತ್ತ ಡಿಸೆಂಬರ್ 31ಕ್ಕ ಮೀಟರಿನ ಫೋಟೋ ತಕ್ಕೊಂಡು ಇಟ್ಕೊಳ್ರಿ, ಓನರ್‌ಗೆ ಕಳಿಸಿದ ಪ್ರತಿ ಕಾಗದದ ಒಂದು ನಕಲು ತಾರೀಖು ಹಾಕಿ ಫೈಲಿನ್ಯಾಗ ಹಚ್ಚಿಡ್ರಿ.